ನಾಲ್ಕೂ ಗಟ್ಟಿ

ಟಂಯ್.

ಮರದ ಕೋಲು ರಬ್ಬರಿಗೆ ತಾಗಿ ಪುಟಿದ ಸಣ್ಣ ಸದ್ದು. ಸರಿರಾತ್ರಿಯಲ್ಲಿ ಅದು ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿಸಿತು. ಅಕ್ಕ ಹಾಸಿಗೆಯಲ್ಲಿ ಎದ್ದು ಕುಳಿತಳು. ತಮ್ಮ ಹೋದಂದಿನಿಂದ ಈ ಮನೆಯಲ್ಲಿ ಲೋಟ ಉರುಳಿದರೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಟಂಯ್. ಇನ್ನೊಂದು.

ಕಿಟಕಿಯ ಪರದೆ ಸರಿಸಿದಳು. ಅಂಗಳದಲ್ಲಿ ನಿಲ್ಲಿಸಿದ್ದ ಅವಳ ಕಾರಿನ ಸುತ್ತ ಅಪ್ಪ ನಡೆಯುತ್ತಿದ್ದ. ಕೈಯಲ್ಲಿ ಅದೇ ಕೋಲು. ಬಸ್ಸು ಓಡಿಸಿದ ವರ್ಷಗಳಲ್ಲೆಲ್ಲ ಸೀಟಿನ ಪಕ್ಕದಲ್ಲೇ ಇರುತ್ತಿದ್ದ ಗಟ್ಟಿಮರದ ಕೋಲು. ಹೊರಡುವ ಮುಂಚೆ ಪ್ರತಿ ಟೈರಿಗೂ ಒಂದೇಟು ಹಾಕಿ, ತಲೆ ವಾಲಿಸಿ, ಸದ್ದು ಕೇಳುತ್ತಿದ್ದ. ಗಾಳಿ ತುಂಬಿದ ಟೈರು ಮಾತಾಡುತ್ತದೆ, ಇಳಿದದ್ದು ಗೊಣಗುತ್ತದೆ ಎನ್ನುತ್ತಿದ್ದ. ನಿವೃತ್ತಿಯಾದ ಮೇಲೆ ಆ ಕೋಲು ಮಗನ ಶಾಲಾ ವ್ಯಾನಿನ ಕಾವಲಿಗೆ ನಿಂತಿತ್ತು. ಈಗ ವ್ಯಾನಿಲ್ಲ, ಮಗನಿಲ್ಲ. ಕೋಲಿಗೆ ಸಿಕ್ಕಿದ್ದು ಮಗಳ ಕಾರು.

"ಅಪ್ಪ," ಎಂದು ಕರೆದಳು.

ಅಪ್ಪ ತಿರುಗಲಿಲ್ಲ. ಸ್ವಲ್ಪ ಗಟ್ಟಿಯಾಗಿ ಕರೆದಳು. ಆಗಲೂ ಇಲ್ಲ. ಹಿಂದಿನ ಚಕ್ರದ ಹತ್ತಿರ ಬಗ್ಗಿ ಇನ್ನೊಂದೇಟು ಹಾಕಿ, ಯಾರೂ ಇಲ್ಲದ ಅಂಗಳಕ್ಕೆ "ನಾಲ್ಕೂ ಗಟ್ಟಿ" ಎಂದು ಹೇಳಿ, ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ದುಃಖ ಮನುಷ್ಯನನ್ನು ಕಿವುಡು ಮಾಡುತ್ತದೆ ಎಂದುಕೊಂಡಳು ಅಕ್ಕ. ಕಿಟಕಿಯಿಂದ ಸರಿಯದೆ, ಅವನು ಎದ್ದು ಒಳಗೆ ಬರುವವರೆಗೂ ಕಾಯುತ್ತ ನಿಂತಳು.

ಇಳಿಜಾರಿನಲ್ಲಿ ವ್ಯಾನಿನ ಮುಂದಿನ ಎಡಟೈರು ಸಿಡಿದು, ವ್ಯಾನು ಕಲ್ಲುಗೋಡೆಗೆ ಬಡಿದು ತಮ್ಮ ಸತ್ತಿದ್ದ. ಕೊನೆಯ ಮಗುವನ್ನೂ ಇಳಿಸಿ ಖಾಲಿ ವ್ಯಾನಿನಲ್ಲಿ ಬರುತ್ತಿದ್ದನಲ್ಲ ಎಂಬುದೊಂದೇ ಬಂದವರೆಲ್ಲ ಹೇಳಿಹೋದ ಸಮಾಧಾನ.

ಬೆಳಿಗ್ಗೆ ತಮ್ಮನ ಹೆಂಡತಿ ಕಾಫಿ ತಂದಿಟ್ಟಳು. ತನಗೆ ಮಾಡಿಕೊಂಡಿರಲಿಲ್ಲ. ಎದುರು ಕುಳಿತು, ಮೇಜಿನ ಮೇಲಿನ ಒಂದು ಕಲೆಯನ್ನು ಉಗುರಿನಿಂದ ಕೆರೆಯತೊಡಗಿದಳು.

ಅಪಘಾತಕ್ಕೊಳಗಾದ ವಾಹನಗಳನ್ನು ವಿಮಾ ಕಂಪನಿಗೆ ಪರೀಕ್ಷಿಸಿಕೊಡುವುದು ಅಕ್ಕನ ಕೆಲಸ. ಮುರಿದ ಕಬ್ಬಿಣ, ಹರಿದ ರಬ್ಬರು ಇವುಗಳಿಂದ ಮಾತು ಹೊರಡಿಸುವುದರಲ್ಲಿ ಅವಳು ಪಳಗಿದವಳು. ಸ್ವಂತ ತಮ್ಮನ ಕೇಸನ್ನು ಯಾರೂ ಅವಳಿಗೆ ಒಪ್ಪಿಸುವಂತಿರಲಿಲ್ಲ. ಆದರೂ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಬಾಯಿಮಾತಿನಲ್ಲಿ ಅಭಿಪ್ರಾಯ ಕೇಳಿದ್ದ. ತಮ್ಮನ ಹೆಂಡತಿಯಂತೂ ಮೊದಲ ದಿನದಿಂದಲೂ ಕೇಳುತ್ತಿದ್ದಳು.

"ಯಾರು ಮಾಡಿದ್ದು ಅಂತ ಗೊತ್ತಾಗ್ಬೇಕು ಅತ್ತಿಗೆ," ಎಂದಳು ಈಗ ಮತ್ತೆ. "ಬೈಯೋಕೆ ಒಂದು ಮುಖ ಬೇಕು ನಂಗೆ. ಇಲ್ದಿದ್ರೆ ಅವರನ್ನೇ ಬೈತಾ ಇರ್ತೀನಿ, ರಾತ್ರಿಯೆಲ್ಲ. ಯಾಕೆ ಹೋದ್ರಿ, ಯಾಕೆ ಹೋದ್ರಿ ಅಂತ."

ಅಕ್ಕ ಅವಳ ಕೈ ಹಿಡಿದು ಕೆರೆಯುವುದನ್ನು ನಿಲ್ಲಿಸಿದಳು. ಅಪಘಾತದ ಹಿಂದಿನ ಸಂಜೆ ತಮ್ಮ ಏನಾದರೂ ಹೇಳಿದ್ದನೇ ಎಂದು ಇನ್ನೊಮ್ಮೆ ಕೇಳಿದಳು. ಅವಳು ಹೇಳಿದ್ದನ್ನೇ ಹೇಳಿದಳು: ಊಟ ಮಾಡಿದ, ಶರ್ಟಿಗೆ ಇಸ್ತ್ರಿ ಹಾಕಿಕೊಂಡ, ಮಲಗಿದ. ಆಮೇಲೆ ಏನೋ ನೆನಪಾಗಿ, ಅದೇನು ದೊಡ್ಡ ವಿಷಯವಲ್ಲ ಎಂಬಂತೆ ಸೇರಿಸಿದಳು. ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಎಳೆಯುತ್ತಿದೆ ಎಂದಿದ್ದನಂತೆ. ಮಾವ ತಕ್ಷಣ ಕೋಲು ಹಿಡಿದು ಹೋಗಿ ನೋಡಿ, ನಾಲ್ಕೂ ಗಟ್ಟಿ ಇದೆ, ರಸ್ತೆಯದೇ ವಾಲು ಎಂದಿದ್ದರಂತೆ.

ಅಕ್ಕ ಕಾಫಿ ಲೋಟವನ್ನು ಕೆಳಗಿಟ್ಟಳು. ಅದು ಆರಿಹೋಗಿತ್ತು.

ಠಾಣೆಯ ಹಿತ್ತಲಿನ ತಗಡಿನ ಮಾಡಿನ ಕೆಳಗೆ ವ್ಯಾನು ಬಿದ್ದಿತ್ತು. ಸಿಡಿದ ಟೈರನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಸಬ್ ಇನ್ಸ್‌ಪೆಕ್ಟರ್ ಮಾತಿನಲ್ಲೂ ನಡಿಗೆಯಲ್ಲೂ ಅವಸರದ ಮನುಷ್ಯ. ಅವಳು ಬಗ್ಗಿ ಕೂರುವ ಮೊದಲೇ ಕೇಸು ಮುಗಿಸಿಬಿಟ್ಟ.

"ಮೊಳೆ ನೋಡಿ ಮೇಡಂ. ಇದನ್ನ ಬಿತ್ತಿದವನು ಆ ಗಾಳೀನೇ. ಆ ರಸ್ತೇಲಿ ಅವನ ಅಂಗಡಿ ಬಿಟ್ರೆ ಇನ್ನೊಂದಿಲ್ಲ. ಮೊಳೆ ಬಿತ್ತೋದು, ಪಂಕ್ಚರ್ ಕೊಯ್ಯೋದು. ಒಳ್ಳೇ ಬೇಸಾಯ."

ಗಾಳಿ ಎಂದರೆ ಶಾಲೆಯ ದಾರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದವನು. ತಾಯಿ ಇಟ್ಟ ಹೆಸರು ಅವನಿಗೇ ಮರೆತುಹೋಗಿದೆ ಎಂದು ಜನ ನಗುತ್ತಿದ್ದರು. ಸಬ್ ಇನ್ಸ್‌ಪೆಕ್ಟರನ ಬಳಿ ಇನ್ನೊಂದು ಮಾಹಿತಿಯೂ ಇತ್ತು. ತಮ್ಮ ದಿನವೂ ಬೆಳಿಗ್ಗೆ, ಕೆಲಸವಿರಲಿ ಬಿಡಲಿ, ಬಳಸುದಾರಿ ಹಿಡಿದು ಆ ಅಂಗಡಿಗೆ ಹೋಗುತ್ತಿದ್ದನಂತೆ. ಯಾಕೆಂದು ಕೇಳಿದರೆ ಗಾಳಿ ಬಾಯಿ ಬಿಡುವುದಿಲ್ಲ. ಬಾಯಿ ಬಿಡದವನ ಹೊಟ್ಟೆಯಲ್ಲಿ ಏನೋ ಇದೆ ಎಂಬುದು ಸಬ್ ಇನ್ಸ್‌ಪೆಕ್ಟರನ ಲೆಕ್ಕಾಚಾರ. ಅಕ್ಕನೂ ಒಂದು ಮಾತು ಹೇಳಿದರೆ ಸಂಜೆಗೇ ಎಳೆದು ತರುವುದಾಗಿ ಹೇಳಿ, ಫೋನ್ ಬಂತೆಂದು ಒಳಗೆ ಹೋದ.

ಅಕ್ಕ ಒಬ್ಬಳೇ ಟೈರಿನ ಮುಂದೆ ಕುಳಿತಳು.

ಮೊದಲು ಅದರ ಪಕ್ಕದಲ್ಲಿ ಅಚ್ಚೊತ್ತಿದ್ದ ತಯಾರಿಕೆಯ ವಾರ, ವರ್ಷ ನೋಡಿದಳು. ಹಳೆಯದಲ್ಲ. ಗೆರೆಗಳ ಆಳ ಬೇಕಾದಷ್ಟಿತ್ತು. ಎದುರಿನ ಬಲಟೈರೂ ಅದೇ ವಯಸ್ಸಿನದು. ಒಂದು ಸವೆದರೆ ಒಂದನ್ನೇ ಬದಲಿಸುವವನಲ್ಲ ತಮ್ಮ, ಜೊತೆಯಾಗಿಯೇ ಬದಲಿಸುತ್ತಿದ್ದ. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿ ಸಮನಾಗಿ ಸವೆಸುತ್ತಿದ್ದ. ಗೆರೆಗಳ ನಡುವೆ ಸಿಕ್ಕಿದ ಹರಳನ್ನು ಸ್ಕ್ರೂಡ್ರೈವರಿನಿಂದ ಕೀಳುತ್ತ ಕುಳಿತಿರುತ್ತಿದ್ದ, ಮಗುವಿನ ತಲೆಯಲ್ಲಿ ಹೇನು ನೋಡುವವರಂತೆ. ಊರಿನವರ ಮಕ್ಕಳು ಕೂರುವ ಗಾಡಿ ಅಕ್ಕ ಎನ್ನುತ್ತಿದ್ದ. ಎಲ್ಲ ಬಲ್ಲವಳು ಎಂದು ಹೆಸರಾದ ಅವಳೇ ಅವನನ್ನು ರೇಗಿಸಿದ್ದಳು, ನಿನ್ನ ಹೆಂಡತಿಗಿಂತ ಟೈರಿನ ಉಪಚಾರವೇ ಹೆಚ್ಚಾಯಿತು ಎಂದು.

ಮೊಳೆಯನ್ನು ಭೂತಗನ್ನಡಿಯಲ್ಲಿ ನೋಡಿದಳು. ಅದರ ತಲೆ ಸವೆದು, ಹೊಳೆದು, ಕಾಗದದಷ್ಟು ತೆಳ್ಳಗಾಗಿತ್ತು. ಹಿಂದಿನ ರಾತ್ರಿ ಬಿತ್ತಿದ ಮೊಳೆಗೆ ಆ ಹೊಳಪು ಬರುವುದಿಲ್ಲ. ಅದು ಟೈರಿನಲ್ಲೇ ಕುಳಿತು ಬಹಳ ದೂರ ಪ್ರಯಾಣ ಮಾಡಿತ್ತು. ತಾನು ಮಾಡಿದ ತೂತನ್ನು ತಾನೇ ಮುಚ್ಚಿಕೊಂಡು, ಒಂದಿಷ್ಟೊಂದಿಷ್ಟೇ ಗಾಳಿಯನ್ನು ಹೊರಗೆ ಬಿಡುತ್ತ ಬಂದಿತ್ತು. ಪಂಕ್ಚರ್ ಅಂಗಡಿಯ ಗಾಳಿ ಹಿಂದೊಮ್ಮೆ ಹಾಕಿದ್ದ ತೇಪೆ ಬೇರೆ ಕಡೆ ಇತ್ತು, ಹಾಕಿದ್ದು ಹಾಕಿದಂತೆಯೇ.

ಕೊನೆಗೆ ಟೈರಿನೊಳಗೆ ಕೈ ಹಾಕಿದಳು. ಒಳಗೋಡೆಯ ಸುತ್ತಲೂ ರಬ್ಬರು ತಿಕ್ಕಿ ತಿಕ್ಕಿ ಪುಡಿಯಾಗಿ, ಉಂಗುರದಂಥ ಒಂದು ಗುರುತು ಬಿದ್ದಿತ್ತು. ಬೆರಳಿಗೆ ಕಪ್ಪು ಪುಡಿ ಹತ್ತಿತು.

ಆ ಉಂಗುರವನ್ನು ಅವಳು ಇತರರ ಗಾಡಿಗಳಲ್ಲಿ ಎಷ್ಟೋ ಸಲ ಕಂಡಿದ್ದಳು. ಗಾಳಿ ಕಡಿಮೆಯಿದ್ದ ಟೈರು ಪ್ರತಿ ಸುತ್ತಿಗೂ ಮಡಿಸಿಕೊಳ್ಳುತ್ತದೆ, ಮಡಿಸಿಕೊಂಡಷ್ಟೂ ಕಾಯುತ್ತದೆ, ಕಾದಷ್ಟೂ ಒಳಗಿನಿಂದ ಸಾಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಅಂದರೆ ಇದು ಒಂದು ರಾತ್ರಿಯ ಕೆಲಸವಲ್ಲ. ದಿನಗಟ್ಟಲೆ ಗಾಳಿ ಇಳಿದಿತ್ತು, ಯಾರೂ ಅಳೆದಿರಲಿಲ್ಲ.

ತಮ್ಮ ಅಳೆಯಲಿಲ್ಲವೇ?

ಅವಳು ಎದ್ದು ಹೋಗಿ ವ್ಯಾನಿನ ಬಾಗಿಲ ಚೀಲದಲ್ಲಿ ತಡಕಿದಳು. ಒರೆಸುವ ಬಟ್ಟೆ, ಟಾರ್ಚು, ಮಕ್ಕಳಿಗೆ ಕೊಡುವ ಪೆಪ್ಪರಮಿಂಟು. ಟೈರಿನ ಗಾಳಿ ಅಳೆಯುವ ಗೇಜು ಮಾತ್ರ ಇರಲಿಲ್ಲ. ಅವನು ವ್ಯಾನು ತೆಗೆದುಕೊಂಡ ದಿನ ಅವಳೇ ಕೊಟ್ಟದ್ದು, ಕೆಂಪು ದಾರ ಕಟ್ಟಿ.

ಗಾಳಿಯ ಅಂಗಡಿಯೆಂದರೆ ಒಂದು ಕಂಪ್ರೆಸರ್, ಒಂದು ಬೆಂಚು, ಟ್ಯೂಬು ಮುಳುಗಿಸಿ ಗುಳ್ಳೆ ನೋಡುವ ನೀರಿನ ತೊಟ್ಟಿ. ಅವನು ಸೈಕಲ್ ಟ್ಯೂಬೊಂದನ್ನು ನೀರಿನಲ್ಲಿ ತಿರುವುತ್ತಿದ್ದ. ಅವಳನ್ನು ಕಂಡು ಎದ್ದು ಕೈ ಒರೆಸಿಕೊಂಡ, ಬೆಂಚನ್ನೂ ಒರೆಸಿದ. ಕೂರಲು ಹೇಳುವ ಧೈರ್ಯವಾಗಲಿಲ್ಲವೇನೋ, ಪಕ್ಕಕ್ಕೆ ಸರಿದು ನಿಂತ.

ಬರುತ್ತಿದ್ದ ಗಿರಾಕಿಗಳೆಲ್ಲ ಈಗ ಗಾಡಿಯನ್ನು ಮುಂದಿನ ಊರಿಗೆ ತಳ್ಳಿಕೊಂಡು ಹೋಗುತ್ತಾರಂತೆ. ಮೊಳೆ ಬಿತ್ತುವವನ ಹತ್ತಿರ ಯಾರು ಬರುತ್ತಾರೆ. ಅದನ್ನು ಅವನು ದೂರಿನಂತೆ ಹೇಳಲಿಲ್ಲ, ಬಿಸಿಲು ಜಾಸ್ತಿ ಎಂಬಂತೆ ಹೇಳಿದ.

ಅಕ್ಕನ ಕಣ್ಣು ಗೋಡೆಯ ಮೇಲೆ ಹರಿದಾಡುತ್ತ ಒಂದು ಕಡೆ ನಿಂತಿತು. ಕೊಕ್ಕೆಯಲ್ಲಿ ಒಂದು ಗೇಜು ನೇತಾಡುತ್ತಿತ್ತು. ಅದಕ್ಕೆ ಮಾಸಿದ ಕೆಂಪು ದಾರ.

ಅವಳು ಹೋಗಿ ಅದನ್ನು ತೆಗೆದುಕೊಂಡಳು.

"ಇದು ನನ್ನ ತಮ್ಮಂದು."

"ಹೌದಕ್ಕ."

"ನಿನ್ನ ಹತ್ರ ಹೇಗೆ ಬಂತು?"

ಗಾಳಿ ತೊಟ್ಟಿಯ ನೀರನ್ನು ನೋಡಿದ.

"ನೋಡು, ಸಂಜೆ ನಿನ್ನನ್ನ ಕರ್ಕೊಂಡು ಹೋಗ್ತಾರೆ," ಎಂದಳು. "ಮೊಳೆ ನಿಂದಲ್ಲ ಅಂತ ನಂಗೆ ಗೊತ್ತು. ಆದ್ರೆ ಇದು ಇಲ್ಲಿ ಯಾಕಿದೆ ಅಂತ ಹೇಳದೆ ಹೋದ್ರೆ ನಾನೂ ಸುಮ್ನಿರಲ್ಲ."

"ಅವನೇ ಇಟ್ಟಿದ್ದ. ಮನೇಲಿ ಇಡೋ ಹಾಗಿರ್ಲಿಲ್ಲ."

"ಯಾಕೆ?"

"ಯಜಮಾನ್ರು ನೋಡ್ಬಿಟ್ರೆ ಅಂತ."

ಆಮೇಲೆ ಒಂದೊಂದೇ ಹೊರಬಿತ್ತು, ಹಿಂಡಿದ ಬಟ್ಟೆಯಿಂದ ನೀರು ಬೀಳುವಂತೆ. ಒಂದು ದಿನ ಅಪ್ಪ ಟೈರುಗಳಿಗೆ ಕೋಲು ಹಾಕಿ ಸರಿ ಇದೆ ಎಂದ ಮೇಲೆ, ತಮ್ಮ ಹಿಂದಿನಿಂದ ಹೋಗಿ ಗೇಜು ಹಿಡಿದು ನೋಡಿದ್ದನಂತೆ. ಅಪ್ಪ ಅದನ್ನು ಕಂಡ. ಒಳಗೆ ಹೋಗಿ ಕೋಲನ್ನು ಅಟ್ಟದ ಮೇಲೆ ಎಸೆದು, ಗೋಡೆಗೆ ಮುಖ ಮಾಡಿ ಮಲಗಿದ. ಊಟಕ್ಕೆ ಏಳಲಿಲ್ಲ. ಮರುದಿನ ತಮ್ಮನೇ ಅಟ್ಟ ಹತ್ತಿ ಕೋಲನ್ನು ಇಳಿಸಿ, ಗೇಜು ಕೆಟ್ಟಿತ್ತು ಬಿಸಾಡಿದೆ, ನಿಮ್ಮ ಕೋಲೇ ಸರಿ ಎಂದು ಸುಳ್ಳು ಹೇಳಿದ. ಅಷ್ಟೇ ಅಲ್ಲ, ಅಪ್ಪನ ಕೈಗೆ ನೋವಾಗದಿರಲಿ ಎಂದು ಇದೇ ಅಂಗಡಿಯಲ್ಲಿ ಹಳೇ ಟ್ಯೂಬು ಕತ್ತರಿಸಿ ಕೋಲಿನ ಹಿಡಿಗೆ ದಪ್ಪವಾಗಿ ಸುತ್ತಿಸಿಕೊಂಡು ಹೋದ. ಅಂದಿನಿಂದ ಗೇಜು ಈ ಗೋಡೆಯ ಮೇಲೆ. ಬೆಳಿಗ್ಗೆ ಅಂಗಳದಲ್ಲಿ ಅಪ್ಪನ ಕೋಲು, ದಾರಿಯಲ್ಲಿ ಕದ್ದುಮುಚ್ಚಿ ನಿಜವಾದ ಅಳತೆ.

"ನಾವಿಬ್ರೂ ನಗ್ತಿದ್ವಿ ಅಕ್ಕ. ಕಳ್ಳ ಪ್ರೇಮಿಗಳ ಥರ ಆಯ್ತಲ್ಲೋ ನಮ್ದು ಅಂತಿದ್ದ."

ಅವನ ಮುಖದಲ್ಲಿ ನಗು ಬಂದದ್ದೂ ಹೋದದ್ದೂ ಒಟ್ಟಿಗೇ.

"ಆ ವಾರ?" ಎಂದಳು.

ಆ ವಾರ ಅಂಗಡಿಗೆ ಬೀಗವಿತ್ತು. ಅವನ ಹೆಂಡತಿ ದೂರದ ಆಸ್ಪತ್ರೆಯಲ್ಲಿದ್ದಳು, ಅವನೂ ಅಲ್ಲೇ ಇದ್ದ. ಅಪಘಾತವಾದ ದಿನ ಬೆಳಿಗ್ಗೆ ತಮ್ಮ ಫೋನ್ ಮಾಡಿದ್ದ. ಸ್ಟೇರಿಂಗ್ ಎಳೀತಿದೆ, ಅಪ್ಪ ಏನೂ ಇಲ್ಲ ಅಂತಾರೆ, ಗೇಜು ಬೇಕಿತ್ತು ಎಂದಿದ್ದ. ಸಂಜೆ ಬರ್ತೀನಿ ಅಂದಿದ್ದ ಗಾಳಿ. ಸರಿ, ಮಕ್ಕಳನ್ನ ನಿಧಾನಕ್ಕೆ ಬಿಟ್ಟು ಬರ್ತೀನಿ ಅಂದಿದ್ದ ತಮ್ಮ.

"ಬೀಗ ಒಡೆದು ತಗೋಳೋ ಅನ್ಬೋದಿತ್ತು. ಎರಡು ಮಾತು. ಅನ್ಲಿಲ್ಲ ಅಕ್ಕ."

ತೊಟ್ಟಿಯಲ್ಲಿ ಬಿಟ್ಟಿದ್ದ ಟ್ಯೂಬು ತನ್ನ ಪಾಡಿಗೆ ಗುಳ್ಳೆ ಬಿಡುತ್ತಿತ್ತು. ಇದನ್ನೆಲ್ಲ ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ರೆ ಮುಂದಿನ ಪ್ರಶ್ನೆ ಕೇಳ್ತಾರಲ್ಲ. ಆ ಟೈರು ಗೊಣಗ್ತಿದ್ದದ್ದು ಯಜಮಾನ್ರಿಗೆ ಯಾಕೆ ಕೇಳಿಸ್ಲಿಲ್ಲ ಅಂತ." ಅವನು ಮೊದಲ ಬಾರಿಗೆ ಅವಳ ಮುಖವನ್ನು ನೋಡಿದ. "ನೀವು ದೂರ ಇರೋರು. ನಿಮಗೆ ಗೊತ್ತಿಲ್ಲ. ಗೊತ್ತಿಲ್ದೇ ಇರ್ಲಿ ಬಿಡಿ."

ಕಿಟಕಿಯಿಂದ ಎರಡು ಸಲ ಕರೆದದ್ದು ಅಕ್ಕನಿಗೆ ನೆನಪಾಯಿತು. ತಿರುಗದ ಆ ಬೆನ್ನು ನೆನಪಾಯಿತು.

ಆದರೂ ಅವಳು ನಂಬಲಿಲ್ಲ. ನಂಬಬಾರದೆಂದು ನಿರ್ಧರಿಸಿದವಳಂತೆ ಕಾರು ಓಡಿಸಿದಳು. ಪರೀಕ್ಷಿಸದೆ ಯಾವುದನ್ನೂ ಒಪ್ಪಬಾರದೆಂಬುದು ಅವಳ ಕಸುಬಿನ ಮೊದಲ ಪಾಠ. ಇವತ್ತು ಆ ಪಾಠವೇ ಅವಳಿಗೆ ಆಸರೆಯಾಯಿತು.

ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿ, ಅತ್ತಿತ್ತ ನೋಡಿ, ಮುಂದಿನ ಎಡಚಕ್ರದ ಬಳಿ ಕೂತಳು. ಮುಚ್ಚಳ ಬಿಚ್ಚಿ ಕಡ್ಡಿಯಿಂದ ವಾಲ್ವನ್ನು ಒತ್ತಿದಳು. ಸ್ಸ್ ಎಂದು ಗಾಳಿ ಹೊರಟಿತು. ನಡುನಡುವೆ ತಮ್ಮನ ಗೇಜು ಹಿಡಿದು ನೋಡಿದಳು. ಇರಬೇಕಾದ್ದರಲ್ಲಿ ಅರ್ಧ ಉಳಿದಾಗ ನಿಲ್ಲಿಸಿದಳು. ಎದ್ದು ದೂರ ನಿಂತು ನೋಡಿದರೆ ಟೈರು ಎಂದಿನಂತೆಯೇ ಇತ್ತು, ಬುಡದಲ್ಲಿ ಒಂದಿಷ್ಟು ಉಬ್ಬು, ಅಷ್ಟೇ. ಕಣ್ಣಿಗೆ ಮೋಸ ಮಾಡುವುದು ಅದಕ್ಕೆ ಎಷ್ಟು ಸುಲಭ.

ಒಳಗೆ ಹೋಗಿ ಅಪ್ಪನ ಎದುರು ನಿಂತು, ಭುಜ ಮುಟ್ಟಿ ಹೇಳಿದಳು.

"ಅಪ್ಪ, ನಾಳೆ ಹೊರಡ್ತೀನಿ. ಟೈರು ಸ್ವಲ್ಪ ನೋಡ್ತೀಯಾ?"

ತಮ್ಮ ಸತ್ತ ಮೇಲೆ ಅಪ್ಪನನ್ನು ಯಾರೂ ಏನೂ ಕೇಳಿರಲಿಲ್ಲ. ಊಟ ಮಾಡಿ, ಮಲಗಿ, ಮಾತ್ರೆ ತಗೊಳ್ಳಿ ಎಂದಿದ್ದರು, ಅಷ್ಟೇ. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದವನು ಎದ್ದು ನಿಂತ. ಅಂಗಿಯ ಗುಂಡಿ ಹಾಕಿಕೊಂಡ. ಬಾಗಿಲ ಮೂಲೆಯ ಕೋಲನ್ನು ತೆಗೆದುಕೊಳ್ಳುವಾಗ ಅವನ ಬೆನ್ನು ಸ್ವಲ್ಪ ನೆಟ್ಟಗಾದದ್ದನ್ನು ಕಂಡು ಅಕ್ಕ ತುಟಿ ಕಚ್ಚಿದಳು.

ಹಿಂದಿನ ಬಲಚಕ್ರ. ಟಂಯ್. ಅಪ್ಪ ತಲೆ ವಾಲಿಸಿ ಕೇಳಿದ, ಮೊದಲಿನ ಹಾಗೆಯೇ.

ಮುಂದಿನ ಬಲಚಕ್ರ. ಟಂಯ್.

ದೇವರೇ, ಈಗ ಅವನು ನಿಲ್ಲಲಿ, ಹುಬ್ಬು ಗಂಟಿಕ್ಕಲಿ, ಇದು ಗೊಣಗುತ್ತಿದೆಯಲ್ಲ ಮಗಳೇ ಎನ್ನಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಮುಂದಿನ ಎಡಚಕ್ರ.

ಥಪ್.

ಒದ್ದೆ ಮಣ್ಣಿಗೆ ಹೊಡೆದಂತಹ ಸದ್ದು. ಕೋಲು ಪುಟಿಯಲಿಲ್ಲ. ಏನೂ ಅರಿಯದವರಿಗೂ ಆ ವ್ಯತ್ಯಾಸ ತಿಳಿಯುತ್ತಿತ್ತು. ಕಿವಿಗೆ ತಿಳಿಯದಿದ್ದರೆ ಕೈಗಾದರೂ ತಿಳಿಯಬೇಕಿತ್ತು. ಆದರೆ ಕೈಗೂ ಕೋಲಿಗೂ ನಡುವೆ ಮಗ ಅಕ್ಕರೆಯಿಂದ ಸುತ್ತಿಸಿದ್ದ ರಬ್ಬರಿತ್ತು.

ಅಪ್ಪ ತಲೆ ವಾಲಿಸಿ ಕೇಳಿದ. ತೃಪ್ತಿಯಿಂದ ತಲೆಯಾಡಿಸಿದ. ಹಿಂದಿನ ಎಡಚಕ್ರಕ್ಕೆ ಹೋಗಿ ಇನ್ನೊಂದೇಟು ಹಾಕಿ ಬಂದ.

"ನಾಲ್ಕೂ ಗಟ್ಟಿ," ಎಂದ. "ಧೈರ್ಯವಾಗಿ ಹೋಗು."

ಅಕ್ಕ ಕಾರಿಗೆ ಒರಗಿಕೊಂಡಳು.

ಅಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನೇ ನೋಡಿದ. "ಅವನಿಗೂ ಹಿಂಗೇ ಹೇಳಿದ್ದೆ. ಹಿಂದಿನ ಸಂಜೇನೇ ನೋಡಿದ್ದೆನಲ್ಲ. ಗಂಟೆ ಹೊಡೆದ ಹಾಗಿತ್ತು ಟೈರು. ರಾತ್ರೀಲಿ ಯಾರೋ ಏನೋ ಮಾಡಿರ್ಬೇಕು. ಅಲ್ವಾ?"

ಅವನ ಕಣ್ಣು ಅವಳ ತುಟಿಗಳ ಮೇಲಿತ್ತು, ಉತ್ತರಕ್ಕಾಗಿ. ಅವಳು ತಲೆಯಾಡಿಸಿದಳು. ಹೌದು ಎಂದೋ ಅಲ್ಲ ಎಂದೋ ಅವಳಿಗೇ ತಿಳಿಯಲಿಲ್ಲ. ಅಪ್ಪ ಹೌದೆಂದು ತಿಳಿದು ಒಳಗೆ ಹೋದ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸಬ್ ಇನ್ಸ್‌ಪೆಕ್ಟರನ ದನಿಯಲ್ಲಿ ಗೆಲುವಿತ್ತು. ಎಳೆದು ತರುವ ಕಷ್ಟವೇ ಬೀಳಲಿಲ್ಲವಂತೆ. ಗಾಳಿ ತಾನೇ ನಡೆದು ಬಂದು ಕುಳಿತಿದ್ದಾನಂತೆ. ಹಿಂದೆ ಹಾಕಿದ ತೇಪೆ ಸರಿಯಾಗಿರಲಿಲ್ಲ, ಗೊತ್ತಿದ್ದೂ ಬಿಟ್ಟೆ, ತಪ್ಪೆಲ್ಲ ನನ್ನದು ಎನ್ನುತ್ತಿದ್ದಾನಂತೆ.

"ತೇಪೆ ಬಿಟ್ಟಿತ್ತು ಅಂತ ನೀವೂ ಒಂದು ಮಾತು ಅಂದ್ಬಿಡಿ ಮೇಡಂ, ಮುಗೀತು. ಹಂಗೇ ಬರೀಲಾ?"

ತೇಪೆ ಗಟ್ಟಿಯಾಗಿತ್ತು. ಅದನ್ನು ಅವಳು ಬೆರಳಿನಿಂದ ಸವರಿ ನೋಡಿದ್ದಳು. ಅಷ್ಟನ್ನು ಹೇಳಿದರೆ ಗಾಳಿ ಮನೆಗೆ ಹೋಗುತ್ತಾನೆ. ಆದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ದಿನಗಟ್ಟಲೆ ಗಾಳಿಯಿಲ್ಲದ ಟೈರಿನಲ್ಲಿ ಊರಿನ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದನೇ ನಿಮ್ಮ ತಮ್ಮ ಎಂದು ಕೇಳುತ್ತಾರೆ. ಇಲ್ಲ, ಅವನು ಅಂಥವನಲ್ಲ ಎಂದು ಅವಳು ಹೇಳಬೇಕಾಗುತ್ತದೆ. ಹಾಗಾದರೆ ನೋಡಿದವರು ಯಾರು, ಸರಿ ಇದೆ ಎಂದವರು ಯಾರು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಮೂವರಲ್ಲಿ ಒಬ್ಬರನ್ನು ಅವಳು ಕೊಡಲೇಬೇಕಿತ್ತು. ಒಬ್ಬ ಸತ್ತಿದ್ದ. ಒಬ್ಬ ತಾನಾಗಿ ಕೊರಳು ಒಡ್ಡಿದ್ದ. ಇನ್ನೊಬ್ಬ ಒಳಗೆ ಕೋಲನ್ನು ಜೋಪಾನವಾಗಿ ಮೂಲೆಯಲ್ಲಿಡುತ್ತಿದ್ದ.

ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಏನೂ ಬರೆಯಬೇಡಿ ಎಂದು ಹೇಳಿ ಫೋನ್ ಇಟ್ಟಳು. ಡಿಕ್ಕಿಯಿಂದ ಪಂಪು ತೆಗೆದು ಎಡಚಕ್ರದ ಬಳಿ ಕೂತಳು. ಒತ್ತಿ ಒತ್ತಿ ಗಾಳಿ ತುಂಬುವಾಗ ಕಣ್ಣೀರು ಮೂಗಿನ ತುದಿಯಿಂದ ಟೈರಿನ ಮೇಲೆ ಬೀಳುತ್ತಿತ್ತು. ಪಂಪಿನ ಕಿರುಚಾಟ ಬೀದಿಗೆಲ್ಲ ಕೇಳುವಂತಿತ್ತು. ಅಪ್ಪ ಹೊರಗೆ ಬರಲಿಲ್ಲ.

ಬಂದವಳು ತಮ್ಮನ ಹೆಂಡತಿ. ಅವಳ ಮುಖ ಬೆಳಿಗ್ಗೆಯದಲ್ಲ. ಠಾಣೆಯಿಂದ ಅವಳಿಗೂ ಫೋನ್ ಬಂದಿತ್ತು.

"ಅವನೇ ಅಂತೆ ಅತ್ತಿಗೆ. ಒಪ್ಕೊಂಡನಂತೆ." ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. "ಇವತ್ತು ನಿದ್ದೆ ಬರತ್ತೆ ನಂಗೆ."

ಅಕ್ಕ ಪಂಪು ನಿಲ್ಲಿಸಿದಳು. ಆಮೇಲೆ ತಮ್ಮನ ಹೆಂಡತಿ ಆ ಚಕ್ರವನ್ನು ನೋಡಿದಳು, ನೆಲದ ಮೇಲಿದ್ದ ಕೆಂಪು ದಾರದ ಗೇಜನ್ನು ನೋಡಿದಳು. ಗಂಡ ಬಿಸಾಡಿದೆ ಎಂದಿದ್ದ ಗೇಜು. ಅವಳ ಹುಬ್ಬುಗಳ ನಡುವೆ ಒಂದು ಸಣ್ಣ ಗೆರೆ ಮೂಡಿತು.

"ನಾನು ಕಿಟಕಿಯಲ್ಲಿದ್ದೆ," ಎಂದಳು ನಿಧಾನವಾಗಿ. "ಮಾವನ್ನ ಕರೆಯೋಕೆ ಮುಂಚೆ ಈ ಟೈರಿನ ಗಾಳಿ ಬಿಟ್ರಲ್ಲ, ಯಾಕೆ ಅತ್ತಿಗೆ?"

ಒಳಗೆ ಅಪ್ಪ ಏನನ್ನೋ ಕೇಳುತ್ತಿದ್ದ, ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯದೆ. ಅಕ್ಕ ಗೇಜನ್ನು ಎತ್ತಿ ಮುಷ್ಟಿಯೊಳಗೆ ಮುಚ್ಚಿಕೊಂಡಳು. ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಠಾಣೆಗೆ ಬೇಡ, ಅಪ್ಪನಿಗೆ ಬೇಡ, ಇವಳಿಗಂತೂ ಬೇಡವೇ ಬೇಡ.

"ಮೊಳೆಗಿಳೆ ಹೊಕ್ಕಿದೆಯೇನೋ ಅಂತ ನೋಡ್ದೆ," ಎಂದಳು, ಕಣ್ಣು ತಪ್ಪಿಸದೆ. "ಏನೂ ಇಲ್ಲ."